ಗಲ್ಲಾದಲ್ಲಿ ದುಡ್ಡು ಯಾಕೆ ನಿಲ್ಲುವುದಿಲ್ಲ?

(ಸಣ್ಣ ವ್ಯಾಪಾರ ಮಾಡುವವರಿಗಾಗಿ ಸಂಘದ ಕುಟುಂಬ ಸಂಗಮದಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಇಲ್ಲಿ ಮಾತಾಡಲು ಕರೆದಾಗ ನಾನು ಸ್ವಲ್ಪ ಹಿಂದೆ ಸರಿದೆ. ನಾನು ವ್ಯಾಪಾರಿ ಅಲ್ಲ. ಊರಲ್ಲಿ ಬಿ.ಕಾಂ. ಮುಗಿಸಿ ಇಲ್ಲಿಗೆ ಬಂದು ಇಪ್ಪತ್ತು ವರ್ಷದಿಂದ ಬೇರೆಯವರ ವ್ಯಾಪಾರದ ಲೆಕ್ಕ ಬರೆಯುವವ. ಇನ್ನೊಬ್ಬರ ದುಡ್ಡು ಎಣಿಸುವುದು ಬಹಳ ಸುಲಭ ಮಾರಾಯರೇ, ನಮ್ಮದು ಎಣಿಸುವಾಗಲೇ ಕಷ್ಟ. ಆದರೆ ಒಂದು ಕಾರಣಕ್ಕೆ ಒಪ್ಪಿಕೊಂಡೆ. ಲೆಕ್ಕ ಗೊತ್ತಿದ್ದೂ ನಾನು ಮಾಡಿದ ಒಂದು ತಪ್ಪನ್ನು ನಿಮ್ಮೆದುರು ಹೇಳಬೇಕಿತ್ತು. ನಿಮ್ಮಲ್ಲಿ ತುಂಬಾ ಮಂದಿ ಗ್ರೋಸರಿ, ಕೆಫೆಟೇರಿಯಾ, ಟೈಲರ್ ಶಾಪ್ ನಡೆಸುತ್ತಿದ್ದೀರಿ. ಇನ್ನು ಕೆಲವರು ನಾಲ್ಕು ಕಾಸು ಕೂಡಿಟ್ಟು ಊರಿಗೆ ಹೋಗಿ ಅಂಗಡಿ ಹಾಕುವ ಲೆಕ್ಕದಲ್ಲಿದ್ದೀರಿ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂತು ಎಂದು ನಮ್ಮಲ್ಲಿ ತುಂಬಾ ಮಂದಿ ಹೇಳುತ್ತಾರೆ. ಹಾಗಾದರೆ ಈ ಮಾತು ನಮಗೆ ಬೇಕಾದದ್ದೇ.

ಎಂಟು ವರ್ಷ ಹಿಂದಿನ ಕಥೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಲೇಬರ್ ಕ್ಯಾಂಪುಗಳ ನಡುವೆ, ನಮ್ಮ ಊರಿನ ಒಬ್ಬರ ಗ್ರೋಸರಿ ಇತ್ತು. ಹೆಸರು ಬೇಡ, ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ತಿಂಗಳಿಗೆ ಸುಮಾರು 90,000 ದಿರ್ಹಮ್ ವ್ಯಾಪಾರ. ಸಂಜೆ ಆರರಿಂದ ಹನ್ನೊಂದರವರೆಗೆ ಒಳಗೆ ಕಾಲಿಡಲು ಜಾಗ ಇಲ್ಲ. ಆದರೂ ಪ್ರತಿ ತಿಂಗಳು ಮೊದಲ ವಾರ ಬಂದರೆ ಕಾಕನಿಗೆ ನಿದ್ದೆ ಇಲ್ಲ. ಸಾಮಾನು ಕೊಟ್ಟವರಿಗೆ ಮುಂದಿನ ತಾರೀಕು ಹಾಕಿ ಕೊಟ್ಟ ಚೆಕ್ಕುಗಳು ಬ್ಯಾಂಕಿಗೆ ಬರುತ್ತವೆ, ಅಕೌಂಟಿನಲ್ಲಿ ದುಡ್ಡು ಇಲ್ಲ. ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸ್ ಎಂಬ ಭಯದ ಕಾಲ ಅದು. ಪ್ರತಿ ತಿಂಗಳು ಯಾರ್ಯಾರದೋ ಕೈಕಾಲು ಹಿಡಿದು ಮೂರು ಸಾವಿರ, ನಾಲ್ಕು ಸಾವಿರ ಸಾಲ ತಂದು ಹಾಕುವುದು. ಹೀಗೆ ಮೂರು ವರ್ಷ.

ಕಾಕ ಸುಮ್ಮನೆ ಕೂತವರಲ್ಲ. ವ್ಯಾಪಾರ ಕಮ್ಮಿಯಾಯಿತೆಂದು ರಾತ್ರಿ ಒಂದು ಗಂಟೆವರೆಗೆ ಅಂಗಡಿ ತೆರೆದರು. ಕ್ಯಾಂಪಿನ ರೂಮಿಗೇ ಸಾಮಾನು ಮುಟ್ಟಿಸಲು ಸೈಕಲ್ ತಂದರು. ವ್ಯಾಪಾರ ಹೆಚ್ಚಾಯಿತು. ಆಶ್ಚರ್ಯ ಎಂತ ಅಂದರೆ, ವ್ಯಾಪಾರ ಹೆಚ್ಚಾದ ಹಾಗೆ ಮೊದಲ ವಾರದ ಕಷ್ಟವೂ ಹೆಚ್ಚಾಯಿತು.

ಒಂದು ರಾತ್ರಿ ಕಾಕ ನನ್ನ ರೂಮಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ತುಂಬಾ ಬಿಲ್ಲು. "ನೀನು ಓದಿದವ, ಒಮ್ಮೆ ನೋಡು" ಅಂದರು. ನನಗೆ ಮರುದಿನ ಬೆಳಿಗ್ಗೆ ಆಫೀಸು. ಅರ್ಧ ಗಂಟೆ ಕಾಗದ ತಿರುವಿದೆ. ಖರೀದಿ ಇಷ್ಟು, ಮಾರಾಟ ಇಷ್ಟು, ಖರ್ಚು ಕಳೆದು ತಿಂಗಳಿಗೆ 5,000 ಉಳಿಯಬೇಕು. ಉಳಿದಿಲ್ಲ. ನನ್ನ ತಲೆಗೆ ಫಕ್ಕನೆ ಹೊಳೆಯಿತು. "ಕಾಕ, ಎಲ್ಲೋ ಸೋರುತ್ತಾ ಉಂಟು" ಅಂದೆ.

ನಾನು ಹೇಳಿದ್ದು ಅಷ್ಟೇ. ಆದರೆ ಗಲ್ಲಾದಲ್ಲಿ ಕೂರುತ್ತಿದ್ದದ್ದು ಒಬ್ಬನೇ ಹುಡುಗ. ಕಾಕನ ದೂರದ ಸಂಬಂಧಿ, ಇಪ್ಪತ್ತಮೂರು ವರ್ಷ, ತಂದೆ ಇಲ್ಲದ ಮನೆಯವ. ಸೋರಿಕೆ ಎಂಬ ಮಾತಿಗೆ ಅಂಗಡಿಯಲ್ಲಿ ಒಂದೇ ಅರ್ಥ. ಎರಡು ವಾರದಲ್ಲಿ ಅವನ ವೀಸಾ ಕ್ಯಾನ್ಸಲ್ ಆಯಿತು. ಅವನು ಊರಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು.

ಮುಂದಿನ ತಿಂಗಳ ಮೊದಲ ವಾರ ಬಂತು. ಗಲ್ಲಾದಲ್ಲಿ ಹೊಸ ಹುಡುಗ. ಚೆಕ್ಕಿಗೆ ದುಡ್ಡು ಮತ್ತೂ ಇಲ್ಲ.

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಇವತ್ತಿನ ವಿಷಯ ಒಳನೋಟ. ದೊಡ್ಡ ಶಬ್ದ, ಆದರೆ ಅರ್ಥ ಸಣ್ಣದು. ಕಣ್ಣೆದುರೇ ಇದ್ದ ವಿಷಯ ಒಂದು ದಿನ ಬೇರೆ ರೀತಿಯಲ್ಲಿ ಕಾಣುವುದು, ಅಷ್ಟೇ. ಕೆಲವು ಸಮಸ್ಯೆಗಳು ಹೆಚ್ಚು ದುಡಿದರೆ ಬಗೆಹರಿಯುತ್ತವೆ. ಇನ್ನು ಕೆಲವು ಹಟಮಾರಿ ಸಮಸ್ಯೆಗಳು. ದುಡಿದಷ್ಟೂ ಗಂಟು ಬಿಗಿಯಾಗುತ್ತದೆ. ಅಂಥಲ್ಲಿ ನಮ್ಮ ಶ್ರಮ ಕಮ್ಮಿ ಅಂತ ಅಲ್ಲ, ನಾವು ಕೇಳುತ್ತಿರುವ ಪ್ರಶ್ನೆಯೇ ತಪ್ಪಾಗಿರುತ್ತದೆ.

ಹೊರಗಿನ ಲೋಕದ ಮೂರು ಉದಾಹರಣೆ ಕೊಡುತ್ತೇನೆ. ಮೂರೂ ನಿಮ್ಮ ಕೆಲಸಕ್ಕೆ ಹತ್ತಿರದವು.

ಜಬಲ್ ಅಲಿ ಬಂದರಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ. ದಿನಾ ನೋಡುವ ಆ ಕಂಟೇನರ್ ಪೆಟ್ಟಿಗೆ ಹಿಂದಿನ ಕಾಲದಲ್ಲಿ ಇರಲಿಲ್ಲ. ಆಗ ಲಾರಿಯಿಂದ ಒಂದೊಂದೇ ಮೂಟೆ, ಒಂದೊಂದೇ ಪೆಟ್ಟಿಗೆ ಇಳಿಸಿ ಹಡಗಿಗೆ ಏರಿಸಬೇಕಿತ್ತು. ಹಡಗುಗಳು ಸಮುದ್ರದಲ್ಲಿ ಓಡಿದ್ದಕ್ಕಿಂತ ದಕ್ಕೆಯಲ್ಲಿ ಕಾದದ್ದೇ ಹೆಚ್ಚು ಎಂಬಂಥ ಪರಿಸ್ಥಿತಿ. ಎಲ್ಲರೂ ಕೇಳುತ್ತಿದ್ದ ಪ್ರಶ್ನೆ: ಮೂಟೆಯನ್ನು ಇನ್ನೂ ಬೇಗ ಇಳಿಸುವುದು ಹೇಗೆ? ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬವರು ಹಡಗಿನವರಲ್ಲ, ಲಾರಿ ಓಡಿಸಿ ಮೇಲೆ ಬಂದವರು. ಅವರು ಪ್ರಶ್ನೆಯನ್ನೇ ಬದಲಾಯಿಸಿದರು. ಮೂಟೆ ಇಳಿಸುವುದೇ ಯಾಕೆ? ಲಾರಿಯ ಪೆಟ್ಟಿಗೆಯನ್ನೇ ಪೂರ್ತಿ ಎತ್ತಿ ಹಡಗಿನ ಮೇಲೆ ಇಟ್ಟರೆ ಆಗದೇ? 1956ರ ಏಪ್ರಿಲ್ 26ರಂದು ಅವರ ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಹೊರಟಿತು. ಕೈಯಿಂದ ಸರಕು ಏರಿಸಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದದ್ದು, ಈ ರೀತಿಯಲ್ಲಿ 16 ಸೆಂಟ್ಸಿಗೆ ಇಳಿಯಿತು. ಮೂಟೆ ಹೊರುವವರು ಇನ್ನೂ ಎರಡು ಪಟ್ಟು ವೇಗವಾಗಿ ಓಡಿದ್ದರೂ ಇದು ಆಗುತ್ತಿರಲಿಲ್ಲ.

ಎರಡನೆಯದು ಸೂಪರ್ ಮಾರ್ಕೆಟಿನಲ್ಲಿ ಶೆಲ್ಫ್ ತುಂಬುವ ಸಹೋದರರಿಗೆ. ಆ ಕೆಲಸ ಸಣ್ಣದೆಂದು ಬೇಜಾರು ಮಾಡಿಕೊಳ್ಳಬೇಡಿ. ಜಪಾನಿನ ಟೊಯೋಟಾ ಕಂಪೆನಿಯ ತೈಚಿ ಓನೋ ಎಂಬ ಎಂಜಿನಿಯರ್ ಆ ಶೆಲ್ಫಿನಿಂದ ಪಾಠ ಕಲಿತವರು. ಅವರ ಕಾರ್ಖಾನೆಯಲ್ಲಿ ಒಂದು ಕಡೆ ಬಿಡಿ ಭಾಗಗಳು ರಾಶಿ ಬೀಳುತ್ತಿದ್ದವು, ಇನ್ನೊಂದು ಕಡೆ ಬೇಕಾದ ಭಾಗ ಸಿಗುತ್ತಿರಲಿಲ್ಲ. ಅಮೆರಿಕದ ಸೂಪರ್ ಮಾರ್ಕೆಟಿನ ಪದ್ಧತಿ ಅವರ ಮನಸ್ಸಿಗೆ ಹಿಡಿಸಿತು, 1956ರಲ್ಲಿ ಹೋಗಿ ಕಣ್ಣಾರೆ ನೋಡಿಯೂ ಬಂದರು. ಅಲ್ಲಿ ಗಿರಾಕಿ ತನಗೆ ಬೇಕಾದಷ್ಟೇ ತೆಗೆಯುತ್ತಾನೆ, ಅಂಗಡಿಯವನು ಖಾಲಿಯಾದಷ್ಟೇ ತುಂಬುತ್ತಾನೆ. ಕಾರ್ಖಾನೆಯನ್ನೂ ಹಾಗೆ ನಡೆಸಿದರೆ? ಮುಂದಿನ ಕೆಲಸದವನು ತೆಗೆದಷ್ಟೇ ಹಿಂದಿನವನು ಮಾಡಿಕೊಡಲಿ. ಕಾರು ತಯಾರಿಸುವವರು ಇಡೀ ಲೋಕದಲ್ಲಿ ಅದನ್ನು ಕಲಿತರು.

ಅದೇ ಓನೋ ಅವರ ಇನ್ನೊಂದು ಪಾಠ ಉಂಟು, ನನಗೆ ಬಹಳ ತಡವಾಗಿ ಅರ್ಥವಾದದ್ದು. ಒಂದು ಯಂತ್ರ ನಿಂತಿತು ಅಂದುಕೊಳ್ಳಿ. ಯಾಕೆ? ಲೋಡ್ ಹೆಚ್ಚಾಗಿ ಫ್ಯೂಸ್ ಹೋಯಿತು. ಲೋಡ್ ಯಾಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಕಾಗಲಿಲ್ಲ. ಯಾಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಹಾಕದ ಕಾರಣ ಲೋಹದ ಚೂರುಗಳು ಒಳಗೆ ಹೋಗಿವೆ. ಐದು ಸಲ ಯಾಕೆ ಎಂದು ಕೇಳಿದಾಗ ಬೇಕಾದದ್ದು ಒಂದು ಜಾಲರಿ ಎಂದು ತಿಳಿಯಿತು. ಮೊದಲ ಉತ್ತರಕ್ಕೇ ನಿಂತಿದ್ದರೆ? ಹೊಸ ಫ್ಯೂಸ್ ಹಾಕುತ್ತಿದ್ದರು. ಮೂರು ತಿಂಗಳಲ್ಲಿ ಅದೂ ಸುಡುತ್ತಿತ್ತು.

ಕಾಕನ ಅಂಗಡಿಯಲ್ಲಿ ನಾವು ಮಾಡಿದ್ದು ಇದೇ. ಹುಡುಗನನ್ನು ಬದಲಾಯಿಸಿದ್ದು ಅಂದರೆ ಫ್ಯೂಸ್ ಬದಲಾಯಿಸಿದ್ದು. ಒಂದೇ ವ್ಯತ್ಯಾಸ, ಫ್ಯೂಸಿಗೆ ಮರ್ಯಾದೆ ಇಲ್ಲ, ಮನೆಯಲ್ಲಿ ಕಾಯುವ ಉಮ್ಮ ಇಲ್ಲ.

ಮೂರನೆಯ ಉದಾಹರಣೆ ಮನೆಗೆ ಹಣ ಕಳಿಸುವ ನಮಗೆಲ್ಲರಿಗೂ. ಆಫ್ರಿಕಾದ ಕೆನ್ಯಾದಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ ಉಂಟು. ಪೆಸಾ ಅಂದರೆ ಅವರ ಸ್ವಾಹಿಲಿ ಭಾಷೆಯಲ್ಲಿ ಹಣ, ನಮ್ಮ ಪೈಸೆಯ ನೆಂಟನೇ ಇರಬೇಕು. 2005ರಲ್ಲಿ ಅದನ್ನು ಪರೀಕ್ಷೆಗೆ ಇಟ್ಟದ್ದು ಸಣ್ಣ ಸಾಲ ಪಡೆದವರು ಫೋನಿನಿಂದಲೇ ಕಂತು ಕಟ್ಟಲಿ ಎಂದು. ಆದರೆ ಜನರು ಎಂತ ಮಾಡಿದರು? ಕಂತು ಕಟ್ಟುವುದರ ಜೊತೆಗೆ ಒಬ್ಬರಿಗೊಬ್ಬರು ಹಣ ಕಳಿಸಲು ಶುರು ಮಾಡಿದರು. ಪಟ್ಟಣದಲ್ಲಿ ದುಡಿಯುವವ ಹಳ್ಳಿಯ ಮನೆಗೆ ಕಳಿಸಿದ. ಕಂಪೆನಿಯವರು ಇದು ನಾವು ಹೇಳಿದ ಉಪಯೋಗ ಅಲ್ಲ ಎಂದು ತಡೆಯಬಹುದಿತ್ತು. ತಡೆಯಲಿಲ್ಲ. ಜನರಿಗೆ ನಿಜವಾಗಿ ಬೇಕಾದದ್ದು ಇದು ಎಂದು ಕಂಡುಕೊಂಡರು. 2007ರ ಮಾರ್ಚಿನಲ್ಲಿ ಅದನ್ನು ದೇಶಕ್ಕೆಲ್ಲ ತೆರೆದಾಗ ಮನೆಗೆ ಹಣ ಕಳಿಸಿ ಎಂಬುದೇ ಅವರ ಜಾಹೀರಾತಿನ ಮಾತಾಯಿತು.

ಈ ಮೂರರಲ್ಲೂ ಒಂದು ಸಮಾನ ಅಂಶ ಉಂಟು. ಯಾರೂ ಕುರ್ಚಿಯಲ್ಲಿ ಕೂತು ತಲೆ ಕೆರೆದುಕೊಂಡು ಉತ್ತರ ಕಂಡುಹಿಡಿದದ್ದಲ್ಲ. ಕೆಲಸ ನಡೆಯುವ ಜಾಗವನ್ನು ನೋಡಿದ್ದಾರೆ. ಓನೋ ಅವರ ಬಗ್ಗೆ ಹೇಳುವ ಒಂದು ಮಾತುಂಟು. ಎಂಜಿನಿಯರನನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ, ನೆಲದಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಎಳೆದು, ಇದರೊಳಗೆ ನಿಂತು ನೋಡು ಎಂದು ಹೋಗಿಬಿಡುತ್ತಿದ್ದರಂತೆ. ಗಂಟೆಗಟ್ಟಲೆ ನಿಂತ ಮೇಲೆ ಅವನಿಗೇ ಕಾಣಲು ಶುರುವಾಗುತ್ತಿತ್ತು.

ಈಗ ಶಾರ್ಜಾಕ್ಕೆ ವಾಪಸ್ ಬರುವ. ಹುಡುಗ ಹೋಗಿ ಎರಡು ತಿಂಗಳಾಗಿತ್ತು, ಕೊರತೆ ಹಾಗೆಯೇ ಇತ್ತು. ನನಗೆ ಒಳಗೊಳಗೇ ಚುಚ್ಚಲು ಶುರುವಾಯಿತು. ನಾನು ಆ ಅಂಗಡಿಯ ಲೆಕ್ಕ ನೋಡಿದ್ದೆ, ಅಂಗಡಿ ನೋಡಿರಲಿಲ್ಲ. ಕಾಕನಲ್ಲಿ ಹೇಳಿ, ಒಂದು ತಿಂಗಳು ಆಫೀಸು ಬಿಟ್ಟ ಮೇಲೆ ದಿನಾ ಎರಡು ಗಂಟೆ ಅಲ್ಲಿ ಅಕ್ಕಿ ಚೀಲದ ಮೇಲೆ ಕೂತೆ. ಮೊದಲ ವಾರ ಎಂತದೂ ಕಾಣಲಿಲ್ಲ. ಜನ ಬರುತ್ತಾರೆ, ಸಾಮಾನು ತೆಗೆಯುತ್ತಾರೆ, ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಪುಸ್ತಕದಲ್ಲಿ ಬರೆಸುತ್ತಾರೆ.

ಹನ್ನೊಂದನೇ ತಾರೀಕು ಸಂಜೆ ಅಂಗಡಿಯ ಕಳೆಯೇ ಬೇರೆ. ಕ್ಯಾಂಪಿನವರಿಗೆ ಸಂಬಳ ಬಿದ್ದಿತ್ತು. ಒಬ್ಬರ ಹಿಂದೆ ಒಬ್ಬರು ಬಂದು ಪುಸ್ತಕದ ಬಾಕಿ ಕಟ್ಟುತ್ತಿದ್ದಾರೆ. ಕಾಕನ ಮುಖದಲ್ಲಿ ನಗು. ಉತ್ತರ ಪ್ರದೇಶದ ಒಬ್ಬ ವಯಸ್ಸಾದ ಬಡಗಿ ತನ್ನ 280 ದಿರ್ಹಮ್ ಎಣಿಸಿ ಕೊಟ್ಟ. ಕಾಕ ತಮಾಷೆಗೆ, "ಇದು ಹತ್ತು ದಿನ ಮೊದಲು ಬಂದಿದ್ದರೆ ನನ್ನ ಚೆಕ್ ಬಚಾವಾಗುತ್ತಿತ್ತು" ಅಂದರು. ಅವನು ಹಿಂದಿಯಲ್ಲಿ ಹೇಳಿದ ಮಾತು ಇಷ್ಟು: "ಸೇಠ್, ನಮಗೆ ಸಂಬಳ ಹತ್ತಕ್ಕೆ. ನಿಮ್ಮ ಚೆಕ್ ಒಂದಕ್ಕೇ ಯಾಕೆ ಓಡುತ್ತದೆ?"

ಅವನು ಸಾಬೂನು ತೆಗೆದುಕೊಂಡು ಹೋದ. ನಾನು ಅಕ್ಕಿ ಚೀಲದಿಂದ ಎದ್ದು ನಿಂತೆ. ವರ್ಷಗಟ್ಟಲೆ ಲೆಕ್ಕ ಬರೆಯುವವನಿಗೆ ಹೊಳೆಯದ್ದು ಅವನಿಗೆ ಕಂಡಿತ್ತು. ನಾವು ಮೂರು ವರ್ಷ ಕೇಳಿದ ಪ್ರಶ್ನೆ, ದುಡ್ಡನ್ನು ಯಾರು ತೆಗೆಯುತ್ತಿದ್ದಾರೆ ಎಂಬುದು. ಕೇಳಬೇಕಾಗಿದ್ದದ್ದು, ದುಡ್ಡು ಯಾವ ತಾರೀಕಿಗೆ ಬರುತ್ತದೆ, ಯಾವ ತಾರೀಕಿಗೆ ಹೋಗುತ್ತದೆ ಎಂಬುದು.

ಆದರೆ ಈ ಸಲ ನಾನು ಕೂಡಲೇ ಬಾಯಿ ಬಿಡಲಿಲ್ಲ. ಹಿಂದೆ ಒಮ್ಮೆ ಫಕ್ಕನೆ ಹೊಳೆದದ್ದನ್ನು ಹೇಳಿ ಒಬ್ಬನ ಅನ್ನ ತೆಗೆದಿದ್ದೆನಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬ್ಯಾಂಕಿನಿಂದ ಆರು ತಿಂಗಳ ಸ್ಟೇಟ್‌ಮೆಂಟ್ ತರಿಸಿದೆ. ಪ್ರತಿ ದಿನದ ಬಾಕಿಯನ್ನು ಒಂದು ಕಾಗದದಲ್ಲಿ ಬರೆದೆ. ಆರೂ ತಿಂಗಳು ಒಂದೇ ಚಿತ್ರ. ಒಂದರಿಂದ ಆರನೇ ತಾರೀಕಿನವರೆಗೆ ಅಕೌಂಟು ತಳ ಮುಟ್ಟುತ್ತದೆ. ಹದಿನೈದರಿಂದ ಇಪ್ಪತ್ತರವರೆಗೆ ತುಂಬಿರುತ್ತದೆ. ಹಳೆ ಹುಡುಗ ಇದ್ದ ನಾಲ್ಕು ತಿಂಗಳೂ ಹಾಗೆಯೇ, ಅವನು ಹೋದ ಎರಡು ತಿಂಗಳೂ ಹಾಗೆಯೇ. ಕದಿಯುವವನು ಹೀಗೆ ಕ್ಯಾಲೆಂಡರ್ ನೋಡಿ ಕದಿಯುವುದಿಲ್ಲ.

ಮತ್ತೆ ಯಾಕೆ ಯಾಕೆ ಎಂದು ಕೇಳುತ್ತಾ ಹೋದೆವು. ಈಗ ಕಾಕನೂ ನಾನೂ ಒಟ್ಟಿಗೆ ಕೂತು.

ಮೊದಲು ಸಾಲದ ಪುಸ್ತಕ. 90,000ದಲ್ಲಿ ನೂರಕ್ಕೆ 40, ಅಂದರೆ 36,000 ಪುಸ್ತಕದ ವ್ಯಾಪಾರ. ಅದು ಕೈಗೆ ಬರಲು ಸರಾಸರಿ ಒಂದೂವರೆ ತಿಂಗಳು. ಹಾಗಾದರೆ ಯಾವ ದಿನ ನೋಡಿದರೂ 54,000 ದಿರ್ಹಮ್ ಪುಸ್ತಕದ ಹಾಳೆಯಲ್ಲೇ ಮಲಗಿರುತ್ತದೆ. ವ್ಯಾಪಾರ ಹೆಚ್ಚಿಸಿದಾಗ ಕಷ್ಟ ಹೆಚ್ಚಿದ ಗುಟ್ಟು ಇಲ್ಲಿತ್ತು. 10,000ದ ಹೊಸ ವ್ಯಾಪಾರ ಪೂರ್ತಿ ಸಾಲದಲ್ಲಿ ಹೋಯಿತು ಅಂದರೆ ಪುಸ್ತಕಕ್ಕೆ ಇನ್ನೂ 15,000 ಸೇರುತ್ತದೆ. ಕಾಕನ ಲಾಭ ನೂರಕ್ಕೆ 18. ಅಂದರೆ ಆ 15,000ದಲ್ಲಿ ಅಸಲು 12,300, ಅದು ಕಾಕನ ಜೇಬಿನದ್ದು. ಹೊಸ ವ್ಯಾಪಾರದಿಂದ ತಿಂಗಳಿಗೆ ಬರುವ ಲಾಭ 1,800. ಹಾಕಿದ ಅಸಲು ವಾಪಸ್ ಬರಲು ಸುಮಾರು ಏಳು ತಿಂಗಳು ಬೇಕು. ಅಷ್ಟರಲ್ಲಿ ಕಾಕ ಇನ್ನೂ ಹತ್ತು ಸಾವಿರ ವ್ಯಾಪಾರ ಹೆಚ್ಚಿಸಿರುತ್ತಿದ್ದರು.

ಎರಡನೆಯದು ತಿಂಗಳ ಮಧ್ಯದ ಸಂತೋಷ. ಹದಿನೈದನೇ ತಾರೀಕಿಗೆ ಗಲ್ಲಾ ತುಂಬಿದ್ದು ವ್ಯಾನಿನ ಸೇಲ್ಸ್‌ಮನ್‌ಗೂ ಗೊತ್ತು. ಹತ್ತು ಕಾರ್ಟನ್ ತೆಗೆದರೆ ಒಂದು ಫ್ರೀ ಎಂದು ಬರುತ್ತಾನೆ. ಕೈಯಲ್ಲಿ ದುಡ್ಡು ಉಂಟಲ್ಲ, ಕಾಕ ತೆಗೆಯುತ್ತಾರೆ. ಹಿಂದಿನ ಸ್ಟೋರಿನ ಬಾಗಿಲು ತೆರೆದು ಎಣಿಸಿದೆ. ಟಿಶ್ಯೂ, ಜ್ಯೂಸ್ ಪುಡಿ, ನೂಡಲ್ಸ್, ಎಲ್ಲ ಸೇರಿ 22,000 ದಿರ್ಹಮಿನ ಆಫರ್ ಮಾಲು. ಮೂರು ತಿಂಗಳಿಗಾಗುವಷ್ಟು. ಫ್ರೀ ಸಿಕ್ಕಿದ ಒಂದು ಕಾರ್ಟನ್ ಕಾಣುತ್ತದೆ, ಕಟ್ಟಿಹಾಕಿದ ಹತ್ತು ಕಾರ್ಟನ್ನಿನ ದುಡ್ಡು ಕಾಣುವುದಿಲ್ಲ.

ಮೂರನೆಯದು ಹೇಳಲು ಸ್ವಲ್ಪ ಕಷ್ಟ, ಆದರೆ ನಮ್ಮೆಲ್ಲರ ಮನೆಯದ್ದು. ಅಂಗಡಿಯ ಲಾಭ ತಿಂಗಳಿಗೆ 5,000. ಕಾಕ ಊರಿಗೆ ಕಳಿಸುತ್ತಿದ್ದದ್ದು ಸರಾಸರಿ 6,500. ಗಲ್ಲಾ ತುಂಬಿದಾಗ ರೂಪಾಯಿಯ ರೇಟೂ ಚೆನ್ನಾಗಿದ್ದರೆ ಕೈ ತಡೆಯುವುದು ಯಾರಿಗೆ ಸಾಧ್ಯ? ತಿಂಗಳಿಗೆ 1,500 ಹೆಚ್ಚು ಅಂದರೆ ವರ್ಷಕ್ಕೆ 18,000. ಅದು ಲಾಭದ ಹಣ ಅಲ್ಲ, ಸಾಮಾನು ಕೊಟ್ಟವರ ಹಣ.

ಕೂಡಿಸಿ ನೋಡಿ. ಪುಸ್ತಕದಲ್ಲಿ 54,000, ಸ್ಟೋರಿನಲ್ಲಿ 22,000, ಒಂದು ವರ್ಷದಲ್ಲಿ ಹೆಚ್ಚಾಗಿ ಊರಿಗೆ ಹೋದದ್ದು 18,000. ಒಟ್ಟು 94,000. ಅಂಗಡಿಯ ಒಂದು ತಿಂಗಳ ಪೂರ್ತಿ ವ್ಯಾಪಾರಕ್ಕಿಂತ ಹೆಚ್ಚು. ಇದರಲ್ಲಿ ಒಂದು ಫಿಲ್ಸ್ ಕೂಡ ಆ ಹುಡುಗ ಮುಟ್ಟಿದ್ದಲ್ಲ. ನಾನು ಸೋರಿಕೆ ಎಂದದ್ದು ಸೋರಿಕೆಯೇ ಅಲ್ಲ. ದುಡ್ಡು ಇತ್ತು, ಆದರೆ ಬೇಕಾದ ದಿನ ಬೇಕಾದ ಜಾಗದಲ್ಲಿ ಇರಲಿಲ್ಲ.

ಗಂಟು ಕಂಡ ಮೇಲೆ ಬಿಡಿಸುವುದು ಮಂತ್ರದ ಕೆಲಸ ಆಗಿರಲಿಲ್ಲ. ಸಾಮಾನು ಕೊಡುವ ಏಳು ಮಂದಿಯಲ್ಲಿ ಚೆಕ್ಕಿನ ತಾರೀಕನ್ನು ಹದಿನೈದರ ನಂತರಕ್ಕೆ ಹಾಕಲು ಕೇಳಿಕೊಂಡೆವು. ನಾಲ್ಕು ಮಂದಿ ಒಪ್ಪಿದರು. ಮೂರು ವರ್ಷದಲ್ಲಿ ಅವರನ್ನು ಕಾಕ ಒಮ್ಮೆಯೂ ಕೇಳಿರಲಿಲ್ಲ, ಕೇಳಿದರೆ ಅಂಗಡಿ ಕಷ್ಟದಲ್ಲಿದೆ ಎಂದು ತಿಳಿದುಕೊಳ್ಳುತ್ತಾರೆ ಎಂಬ ಹೆದರಿಕೆ. ಪುಸ್ತಕದಲ್ಲಿ ಒಬ್ಬರಿಗೆ 300 ದಿರ್ಹಮ್ ಮಿತಿ ಇಟ್ಟೆವು, ಹಳೆ ಬಾಕಿ ಮುಗಿಯದೆ ಹೊಸದು ಬರೆಯುವುದಿಲ್ಲ. ಮೂವತ್ತು ದಿನದಲ್ಲಿ ಮಾರಿ ಮುಗಿಯದ ಆಫರ್ ಮಾಲು ತೆಗೆಯುವುದಿಲ್ಲ. ಕಾಕ ತನಗೆ ತಾನೇ 4,000 ಸಂಬಳ ಗೊತ್ತು ಮಾಡಿಕೊಂಡರು, ಮನೆಗೆ ಕಳಿಸುವುದು ಅದರೊಳಗೆ. ಮೊದಲ ಎರಡು ತಿಂಗಳು ಊರಿನ ಮನೆಯಲ್ಲಿ ಮುನಿಸು, ಅಂಗಡಿಯಲ್ಲಿ ಕೆಲವು ಗಿರಾಕಿಗಳ ಸಿಟ್ಟು. ಕೆಲವರು ಬೇರೆ ಅಂಗಡಿಗೂ ಹೋದರು. ಆದರೆ ಆರು ತಿಂಗಳಲ್ಲಿ ಪುಸ್ತಕದ ಬಾಕಿ 54,000ದಿಂದ 31,000ಕ್ಕೆ ಇಳಿಯಿತು. ಏಳನೇ ತಿಂಗಳ ಒಂದನೇ ತಾರೀಕು ಕಾಕ ನನಗೆ ಫೋನ್ ಮಾಡಿ, "ಇವತ್ತು ನಾನು ಯಾರಲ್ಲೂ ಕೇಳಲಿಲ್ಲ ಮಾರಾಯ" ಅಂದರು. ಅಷ್ಟೇ ಹೇಳಿ ಇಟ್ಟರು.

ನಮ್ಮ ಮನೆಗಳ ಲೆಕ್ಕದಲ್ಲೂ ಇಂಥ ಗಂಟು ಉಂಟು, ಸಹೋದರಿಯರೇ. ಜೂನ್ ತಿಂಗಳು ಬಂದರೆ ಮಕ್ಕಳ ಫೀಸ್, ರಜೆ ಬಂದರೆ ವಿಮಾನದ ಟಿಕೆಟ್, ಮತ್ತೆ ಹಬ್ಬ, ಮತ್ತೆ ಸಂಬಂಧಿಕರ ಮದುವೆ. ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಫಕ್ಕನೆ ಬಂದ ಖರ್ಚು ಎಂದು ಸಾಲ ಮಾಡುತ್ತೇವೆ. ವರ್ಷ ವರ್ಷ ಬರುವುದು ಫಕ್ಕನೆ ಬರುವ ಖರ್ಚು ಹೇಗಾಗುತ್ತದೆ? ಎಲ್ಲ ಸೇರಿ ವರ್ಷಕ್ಕೆ 2,40,000 ರೂಪಾಯಿ ಆಗುವುದಾದರೆ ಅದು ತಿಂಗಳಿಗೆ 20,000ದ ಖರ್ಚು. ಸಂಬಳ ಸಾಕಾಗುವುದಿಲ್ಲ ಎಂದು ಗಂಡನಲ್ಲಿ ಜಗಳ ಮಾಡುವ ಮೊದಲು, ಖರ್ಚು ಸಾಕಾಗುವುದಿಲ್ಲ ಎಂದು ಹೆಂಡತಿಯನ್ನು ಬೈಯುವ ಮೊದಲು, ಇಬ್ಬರೂ ಕೂತು ಹನ್ನೆರಡು ತಿಂಗಳ ಒಂದು ಪಟ್ಟಿ ಬರೆಯಿರಿ.

ಗ್ರಹಾಂ ವಾಲಸ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1926ರಲ್ಲಿ ಬರೆದ ಪುಸ್ತಕದಲ್ಲಿ ಹೊಸ ವಿಚಾರ ಹುಟ್ಟುವುದಕ್ಕೆ ನಾಲ್ಕು ಹಂತ ಹೇಳಿದ್ದಾರೆ. ಮೊದಲು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳುವುದು. ಎರಡನೆಯದು ಸ್ವಲ್ಪ ಸಮಯ ಅದನ್ನು ಬಿಟ್ಟುಬಿಡುವುದು, ಆಗಲೂ ಮನಸ್ಸು ಒಳಗೆ ಕೆಲಸ ಮಾಡುತ್ತಿರುತ್ತದೆ. ಮೂರನೆಯದು ಫಕ್ಕನೆ ಹೊಳೆಯುವುದು. ನಾಲ್ಕನೆಯದು ಹೊಳೆದದ್ದು ಸರಿಯೋ ಎಂದು ಪರೀಕ್ಷಿಸುವುದು. ನಮಗೆಲ್ಲ ಮೂರನೆಯದು ಬಹಳ ಇಷ್ಟ. ನನ್ನ ತಪ್ಪು ಏನೆಂದರೆ ನಾನು ಅರ್ಧ ಗಂಟೆಯಲ್ಲಿ ಮೂರನೆಯದಕ್ಕೆ ಹಾರಿದೆ, ನಾಲ್ಕನೆಯದನ್ನು ಮಾಡಲೇ ಇಲ್ಲ. ಸುಳ್ಳು ಒಳನೋಟವೂ ನಿಜವಾದದ್ದರ ಹಾಗೆಯೇ ಹೊಳೆಯುತ್ತದೆ. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವ್ಯಾಪಾರದಲ್ಲಿ ಒಂದೇ ಕಷ್ಟ ಮೂರು ಸಲ ವಾಪಸ್ ಬಂದರೆ, ಇನ್ನೂ ಹೆಚ್ಚು ದುಡಿಯುವ ಮೊದಲು ಒಮ್ಮೆ ನಿಲ್ಲಿ. ಕಷ್ಟ ಯಾವ ತಾರೀಕಿಗೆ, ಯಾವ ದಿನ, ಯಾವ ಸಾಮಾನಿಗೆ ಬರುತ್ತದೆ ಎಂದು ಒಂದು ತಿಂಗಳು ಬರೆದಿಡಿ. ಕೆಲಸ ನಡೆಯುವ ಜಾಗದಲ್ಲಿ ಸುಮ್ಮನೆ ಕೂತು ನೋಡಿ. ಗಿರಾಕಿಯ ಮಾತನ್ನೂ ಕೆಲಸದವನ ಮಾತನ್ನೂ ಕೇಳಿ, ನಿಮಗಿಂತ ಕಮ್ಮಿ ಓದಿದವನಿಗೆ ನಿಮಗಿಂತ ಹೆಚ್ಚು ಕಂಡಿರಬಹುದು. ಉತ್ತರ ಹೊಳೆದರೆ ಸಂತೋಷ ಪಡಿ, ಆದರೆ ಹಳೆ ಲೆಕ್ಕದ ಮೇಲೆ ಇಟ್ಟು ಪರೀಕ್ಷಿಸಿ. ಮುಖ್ಯವಾಗಿ, ನಿಮಗೆ ಸಿಕ್ಕಿದ ಉತ್ತರ ಒಬ್ಬ ಮನುಷ್ಯನ ಹೆಸರಾಗಿದ್ದರೆ, ಅಲ್ಲಿಗೆ ನಿಲ್ಲಬೇಡಿ. ಇನ್ನೂ ಒಂದು ಸಲ ಯಾಕೆ ಎಂದು ಕೇಳಿ. ಅವನೇ ತಪ್ಪು ಮಾಡಿರಲೂಬಹುದು, ಇಲ್ಲವೆನ್ನುವುದಿಲ್ಲ. ಆದರೆ ಸಾಕ್ಷಿ ಬೇಕು, ಸಂಶಯ ಸಾಲದು.

ಕೊನೆಗೆ ಆ ಹುಡುಗನ ವಿಷಯ. ಲೆಕ್ಕ ಸ್ಪಷ್ಟವಾದ ರಾತ್ರಿಯೇ ಕಾಕ ಅವನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿ ನಾನೂ ಮಾತಾಡಿದೆ. ನನ್ನ ಮಾತಿನಿಂದ ಹೀಗಾಯಿತು, ನನ್ನನ್ನು ಕ್ಷಮಿಸು ಅಂದೆ. ಕಾಕ ಹೊಸ ವೀಸಾ ತೆಗೆದು ಕರೆಸುತ್ತೇನೆ ಅಂದರು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದ, "ನಾನು ಇಲ್ಲಿ ಮಂಗಳೂರಲ್ಲಿ ಒಂದು ಅಂಗಡಿಗೆ ಸೇರಿದ್ದೇನೆ. ವೀಸಾ ಬೇಡ. ನೀವು ಊರಿಗೆ ಬಂದಾಗ ನನ್ನ ಉಮ್ಮನಲ್ಲಿ ಒಂದು ಮಾತು ಹೇಳಿ, ಸಾಕು."

ಮುಂದಿನ ರಜೆಯಲ್ಲಿ ನಾನೂ ಕಾಕನೂ ಅವನ ಮನೆಗೆ ಹೋದೆವು. ಆ ತಾಯಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದರು. ನಾನು ತಾರೀಕು, ಚೆಕ್ಕು, ಪುಸ್ತಕ ಎಂದು ವಿವರಿಸಲು ಹೊರಟೆ. ಅವರು ನಡುವೆಯೇ ತಡೆದು, "ಲೆಕ್ಕ ನನಗೆ ಅರ್ಥ ಆಗುವುದಿಲ್ಲ ಮಗಾ. ಅವನು ತೆಗೆದಿಲ್ಲ ಎಂದು ನೀವು ಹೇಳುತ್ತೀರಲ್ಲ, ಅದನ್ನು ಪಕ್ಕದ ಮನೆಯವರಿಗೆ ಕೇಳುವ ಹಾಗೆ ಒಮ್ಮೆ ಜೋರಾಗಿ ಹೇಳಿ" ಅಂದರು. ಕಾಕ ಅಂಗಳಕ್ಕೆ ಇಳಿದು ಜೋರಾಗಿ ಹೇಳಿದರು.

ಆವತ್ತಿನಿಂದ ಯಾರ ಲೆಕ್ಕ ನೋಡಲು ಕೂತರೂ ನನಗೆ ಆ ಅಂಗಳ ನೆನಪಾಗುತ್ತದೆ. ನಿಮ್ಮ ವ್ಯಾಪಾರದಲ್ಲಿ ಬರಕತ್ ಇರಲಿ, ನಿಮ್ಮ ಗಲ್ಲಾದಲ್ಲಿ ಕೂತವನ ಮರ್ಯಾದೆಯೂ ಉಳಿಯಲಿ. ಲೆಕ್ಕದ ಸಂಶಯ ಇದ್ದವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಅರ್ಧ ಗಂಟೆಯಲ್ಲಿ ಉತ್ತರ ಮಾತ್ರ ಕೇಳಬೇಡಿ.

ವಸ್ಸಲಾಂ.